ಅವಳು ಸತ್ತದ್ದು ಯಾರ ವಾರದಲ್ಲಿ?

"ವಾಂತಿ ಮಾಡೋದಾದ್ರೆ ಆ ಕಡೆ ಹೋಗಿ ಮಾಡಿ ಮೇಡಂ. ಇದು ಒಣ ಕಸದ ಜಾಗ."

ಕಸ ಬೇರ್ಪಡಿಸುವ ಶೆಡ್ಡಿನ ಹೆಂಗಸು ಅಷ್ಟು ಹೇಳಿ, ತನ್ನ ಪಾಡಿಗೆ ತಾನು ಬಾಟಲಿಗಳನ್ನು ಒಂದು ರಾಶಿಗೆ, ರಟ್ಟನ್ನು ಇನ್ನೊಂದು ರಾಶಿಗೆ ಎಸೆಯತೊಡಗಿದಳು. ನಾನು ಮೂಗಿಗೆ ಕರವಸ್ತ್ರ ಬಿಗಿದು, ಗ್ಲೌಸು ತೊಟ್ಟ ಎರಡೂ ಕೈಗಳನ್ನು ಮೊಣಕೈವರೆಗೆ ಒಂದು ನೀಲಿ ಚೀಲದೊಳಗೆ ಇಳಿಬಿಟ್ಟಿದ್ದೆ. ಒಣ ಕಸವಂತೆ, ಒಣ ಕಸ! ಹಾಲಿನ ಪೊಟ್ಟಣಗಳ ತಳದಲ್ಲಿ ಹುಳಿತ ಹಾಲು, ಮೀನಿನ ಡಬ್ಬದ ಅಂಚಿನಲ್ಲಿ ಎಣ್ಣೆ, ಅದಕ್ಕೆ ಅಂಟಿಕೊಂಡ ಕೂದಲಿನ ಉಂಡೆ. ಬೆಳಿಗ್ಗೆ ಕುಡಿದ ಕಾಫಿ ಗಂಟಲವರೆಗೆ ಬಂದು ನಿಂತಿತ್ತು.

ಈ ಪತ್ತೇದಾರಿ ಕಸುಬಿನಲ್ಲೇ ನನ್ನ ತಲೆ ನರೆತಿದೆ. ಕೊಳೆತ ಹೆಣ ನೋಡಿದ ದಿನವೂ ಮನೆಗೆ ಹೋಗಿ ಹೊಟ್ಟೆತುಂಬ ಉಂಡವಳು ನಾನು. ಆದರೆ ಈ ಚೀಲದ ನಾತಕ್ಕಿಂತ ಇದನ್ನು ತುಂಬಿಸಿದ ಮನೆಯವರನ್ನು ನೆನೆದರೇ ಹೆಚ್ಚು ಹೇಸಿಗೆಯಾಗುತ್ತಿತ್ತು.

ಮೂರಂತಸ್ತಿನ ಮನೆ ಅದು. ಕೆಳಮನೆಯಲ್ಲಿ ಬೇಕರಿ ನಡೆಸುವ ದೊಡ್ಡ ಮಗ, ನಡುಮನೆಯಲ್ಲಿ ಬಟ್ಟೆ ಹೊಲಿಯುವ ಮಗಳು, ಮೇಲ್ಮನೆಯಲ್ಲಿ ಕನ್ನಡಕದಂಗಡಿ ಇಟ್ಟಿರುವ ಚಿಕ್ಕ ಮಗ. ಮೂವರ ತಾಯಿ, ಕೀಲು ಹಿಡಿದು ಕೂತಲ್ಲೇ ಕೂತ ಮುದುಕಿ, ಕಳೆದ ಗುರುವಾರ ಸತ್ತಳು. ಮರುದಿನ ಶುಕ್ರವಾರ, ಅವಳನ್ನು ನೋಡಿಕೊಳ್ಳುತ್ತಿದ್ದ ಆಯಾಳನ್ನು ಪೊಲೀಸರು ಹಿಡಿದುಕೊಂಡು ಹೋದರು. ಇವತ್ತು ಬುಧವಾರ. ಪೊಲೀಸ್ ಕಸ್ಟಡಿ ಇವತ್ತಿಗೆ ಮುಗಿಯುತ್ತದೆ, ಮಧ್ಯಾಹ್ನ ಅವಳನ್ನು ಮತ್ತೆ ಕೋರ್ಟಿಗೆ ಒಯ್ಯುತ್ತಾರೆ, ಅಲ್ಲಿಂದ ನೇರ ಜೈಲಿಗೆ. ದಿಕ್ಕಿಲ್ಲದ ಹೆಂಗಸು ಒಮ್ಮೆ ಜೈಲು ಸೇರಿದರೆ ಅವಳನ್ನು ಹೊರಗೆ ತರುವುದು ಬಾವಿಗೆ ಬಿದ್ದ ಸೂಜಿ ಹುಡುಕಿದ ಹಾಗೆ.

ಆಯಾ ತಪ್ಪು ಮಾಡಿಲ್ಲ, ಅವಳನ್ನು ಬಿಡಿಸಿಕೊಡಿ ಎಂದು ನನ್ನ ಬಳಿ ಬಂದವನು ಚಿಕ್ಕ ಮಗ. ಆ ಮನೆಯಲ್ಲಿ ಅತ್ತಿದ್ದು ಅವನೊಬ್ಬನೇ.

ಆ ಮನೆಯಲ್ಲಿ ಎಲ್ಲಕ್ಕೂ ಪಾಳಿ. ಮೆಟ್ಟಿಲು ಗುಡಿಸಲು ಪಾಳಿ, ನೀರಿನ ಟ್ಯಾಂಕು ತೊಳೆಯಲು ಪಾಳಿ, ಬೀದಿ ಬಾಗಿಲಿಗೆ ಬೀಗ ಹಾಕಲು ಪಾಳಿ. ತಾಯಿಗೂ ಪಾಳಿ. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ವಾರ. ದೊಡ್ಡವನ ಬೇಕರಿಗೆ ಗುರುವಾರ ರಜೆ, ಆವತ್ತು ಕುರ್ಚಿ ಹೊರಲು ಅವನ ತೋಳು ಸಿಗುತ್ತಿತ್ತು. ಹಾಗಾಗಿ ಲೋಕದ ವಾರ ಯಾವಾಗ ಶುರುವಾದರೂ ಆ ಮನೆಯ ವಾರ ಶುರುವಾಗುತ್ತಿದ್ದುದು ಗುರುವಾರ. ಅಂದು ಬೆಳಗಿನ ತಿಂಡಿ ಕಳಿಸುವ ಮನೆಯದು, ರಾತ್ರಿಯ ಊಟ ಕರೆದುಕೊಳ್ಳುವ ಮನೆಯದು. ನಡುವೆ ಮುದುಕಿಯನ್ನು ಕುರ್ಚಿಯ ಸಮೇತ ಎತ್ತಿ ಮೆಟ್ಟಿಲು ಹತ್ತಿಸುತ್ತಿದ್ದರು, ಇಲ್ಲವೇ ಇಳಿಸುತ್ತಿದ್ದರು. ಗ್ಯಾಸ್ ಸಿಲಿಂಡರಿಗೆ ಇದಕ್ಕಿಂತ ಹೆಚ್ಚು ಮರ್ಯಾದೆ ಇದೆ.

ಗುರುವಾರದ ಮಧ್ಯಾಹ್ನದ ಊಟ ಯಾರದ್ದು ಎಂದು ಮೊದಲ ದಿನವೇ ಕೇಳಿದ್ದೆ. ಮೂವರೂ ಮುಖ ಮುಖ ನೋಡಿಕೊಂಡರು. ಅದು ಯಾರ ಪಾಳಿಗೂ ಬಂದಿರಲಿಲ್ಲ. ವಾರಕ್ಕೊಂದು ದಿನ ಮುದುಕಿಗೆ ಮಧ್ಯಾಹ್ನ ಊಟವೇ ಇರಲಿಲ್ಲ.

ಅವಳಿಗೆ ಕೀಲುನೋವಿಗೆಂದು ಒಂದು ಮಾತ್ರೆ ಬರೆದುಕೊಟ್ಟಿದ್ದರು. ವಾರಕ್ಕೆ ಒಂದೇ ಒಂದು. ವಾರಕ್ಕೊಂದು ಕೊಟ್ಟರೆ ಔಷಧ, ದಿನಾ ಕೊಟ್ಟರೆ ವಿಷ. ಬಾಯೊಳಗೆ ಹುಣ್ಣು, ಕರುಳಲ್ಲಿ ಹುಣ್ಣು, ಕೊನೆಗೆ ಮೈಯ ರಕ್ತವೇ ಕೈಕೊಡುತ್ತದೆ. ಹೆಣದ ಬಾಯಿ ತೆರೆದು ನೋಡಿದ ವೈದ್ಯರು ಮುಖ ತಿರುಗಿಸಿದರಂತೆ. "ಎಡೆಬಿಡದೆ ಮಾತ್ರೆ ಬಿದ್ದಿದೆ. ನಡುವೆ ಒಂದು ವಾರ ನಿಲ್ಲಿಸಿದ್ದರೂ ಚೇತರಿಸಿಕೊಳ್ಳುತ್ತಿದ್ದಳು," ಎಂದರು. ಖಾಲಿ ಮಾತ್ರೆ ಪಟ್ಟಿಗಳು ಸಿಕ್ಕಿದ್ದು ಆಯಾಳ ಕೈಚೀಲದಲ್ಲಿ. ಪೊಲೀಸರಿಗೆ ಅಷ್ಟು ಸಾಕಾಯಿತು.

"ಮಾತ್ರೆ ನಾನು ಮುಟ್ತಾನೇ ಇರಲಿಲ್ಲ ಕಣಮ್ಮ," ಎಂದಿದ್ದಳು ಆಯಾ, ಲಾಕಪ್ಪಿನ ಕಂಬಿ ಹಿಡಿದುಕೊಂಡು. "ಗುರುವಾರ ಮನೆ ಬದಲಾಗ್ತಿತ್ತಲ್ಲ, ಕರ್ಕೊಂಡ ಮನೆಯವ್ರೇ ತಮ್ಮ ಕೈಯಾರೆ ಕೊಡ್ತಿದ್ರು. ಕೋರ್ಟಲ್ಲೂ ಅದನ್ನೇ ಹೇಳ್ತೀನಿ. ದೇವರಾಣೆ."

ದೇವರಾಣೆಯನ್ನು ಕೋರ್ಟು ನಂಬುವುದಿಲ್ಲ. ಅದಕ್ಕೇ ನಾನು ಕಸ ಕೆದಕುತ್ತಿದ್ದೆ.

ಆ ಬೀದಿಯಲ್ಲಿ ಒಣ ಕಸದ ಗಾಡಿ ಬರುವುದು ವಾರಕ್ಕೊಮ್ಮೆ, ಬುಧವಾರ ಬೆಳಿಗ್ಗೆ. ಮೂರೂ ಮನೆಗೆ ಸೇರಿ ಮೆಟ್ಟಿಲ ಕೆಳಗೆ ಒಂದೇ ಡ್ರಮ್ಮು, ಅದರೊಳಗೊಂದು ದೊಡ್ಡ ನೀಲಿ ಚೀಲ. ಅಂದರೆ ಚೀಲದ ತಳದಲ್ಲಿ ಗುರುವಾರ, ಬಾಯಲ್ಲಿ ಮಂಗಳವಾರ. ಮನೆಯವರು ಪೊಲೀಸರಿಗೆ ಏನು ಬೇಕಾದರೂ ಹೇಳಲಿ, ಅವರ ಇಡೀ ವಾರ ಒಂದರ ಮೇಲೊಂದು ಪದರವಾಗಿ ಇಲ್ಲಿ ಕೂತಿತ್ತು. ಗಾಡಿಯ ಹಿಂದೆಯೇ ಆಟೋ ಹಿಡಿದು ಬಂದು, ಶೆಡ್ಡಿನ ಹೆಂಗಸಿನ ಕೈಕಾಲು ಹಿಡಿದು ಆ ಒಂದು ಚೀಲವನ್ನು ಸುರಿಯದ ಹಾಗೆ ಉಳಿಸಿಕೊಂಡಿದ್ದೆ.

ಮೇಲಿನಿಂದ ಒಂದೊಂದಾಗಿ ತೆಗೆದೆ. ಮೊದಲ ಹಿಡಿಯಲ್ಲೇ ಒಂದು ಸಣ್ಣ ಗಂಟು ಸಿಕ್ಕಿತು. ಬೇಕರಿಯವರು ಕೇಕಿನ ಕೆಳಗೆ ಹಾಕುವ ಜಿಡ್ಡು ಕಾಗದ, ಉಂಡೆ ಮಾಡಿ ಹಿಸುಕಿದ್ದು. ಬಿಡಿಸಿದರೆ ಒಳಗೆ ಎರಡು ಮಾತ್ರೆ ಪಟ್ಟಿ, ಎರಡೂ ಖಾಲಿ. ಪಟ್ಟಿಗೆ ನಾಲ್ಕು ಮಾತ್ರೆ, ವಾರಕ್ಕೊಂದರಂತೆ ಒಂದು ತಿಂಗಳಿನದು. ಯಾರೋ ಎರಡು ತಿಂಗಳ ಔಷಧವನ್ನು ಒಂದೇ ದಿನ ಕಿತ್ತಿದ್ದರು.

ಮಂಗಳವಾರ. ನಿನ್ನೆ! ಮುದುಕಿ ಸತ್ತು ಮಣ್ಣಾಗಿ ಎಷ್ಟು ದಿನ!

ಕಾಫಿ ತಾನಾಗಿಯೇ ಕೆಳಗಿಳಿಯಿತು. ಇನ್ನೂ ಒಳಗೆ ಕೈ ಹಾಕಿದೆ. ಸೋಮವಾರದ ಹಾಲಿನ ಪೊಟ್ಟಣಗಳ ನಡುವೆ ಇನ್ನೊಂದು ಗಂಟು. ಈ ಸಲ ಸುತ್ತಿದ್ದುದು ಕನ್ನಡಕ ಒರೆಸುವ ನುಣುಪು ಬಟ್ಟೆ, ಅದರ ಮೂಲೆಯಲ್ಲಿ ಚಿಕ್ಕವನ ಅಂಗಡಿಯ ಮುದ್ರೆ. ಒಳಗೆ ಮತ್ತೆ ಎರಡು ಖಾಲಿ ಪಟ್ಟಿ.

ಅದರ ಕೆಳಗೆ ಮೂರನೆಯದು. ಭಾನುವಾರದ ಪತ್ರಿಕೆಯ ಬಣ್ಣದ ಪುರವಣಿಯ ಹಾಳೆ, ಅಂಗಿಯ ತೋಳಿನ ಆಕಾರಕ್ಕೆ ಕತ್ತರಿಸಿ, ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದದ್ದು. ಬಟ್ಟೆ ಕತ್ತರಿಸುವ ಮುಂಚೆ ದರ್ಜಿಗಳು ಹೀಗೆ ಹಳೆಯ ಪತ್ರಿಕೆಯಲ್ಲಿ ಅಳತೆ ತೆಗೆಯುತ್ತಾರೆ. ತೋಳಿನ ನಡುವೆ ವಾರಭವಿಷ್ಯ ಅಚ್ಚಾಗಿತ್ತು: ಈ ವಾರ ಕುಟುಂಬದಲ್ಲಿ ನೆಮ್ಮದಿ, ಒಡಹುಟ್ಟಿದವರಲ್ಲಿ ಒಗ್ಗಟ್ಟು. ಆ ನೆಮ್ಮದಿಯೊಳಗೂ ಎರಡು ಖಾಲಿ ಪಟ್ಟಿ ಬೆಚ್ಚಗೆ ಮಲಗಿದ್ದವು.

ಶನಿವಾರದ ಪದರದಲ್ಲಿ ಮತ್ತೆ ಬೇಕರಿಯ ಜಿಡ್ಡು ಕಾಗದ, ಮತ್ತೆ ಎರಡು ಪಟ್ಟಿ. ಅದಕ್ಕೂ ಕೆಳಗೆ, ತಳದಲ್ಲಿ, ಗುರುವಾರ. ಮುದುಕಿಯ ಹಾಸಿಗೆಗೆ ಹಾಸುತ್ತಿದ್ದ ರಬ್ಬರ್ ಹಾಳೆ, ಮೂತ್ರದ ಚೀಲ, ಗಂಜಿ ಕುಡಿಸುತ್ತಿದ್ದ ಕೊಳವೆ ಮೂತಿಯ ಲೋಟ, ಹಲ್ಲುಸೆಟ್ಟು. ಉಸಿರು ನಿಂತ ದಿನವೇ ಎಲ್ಲವನ್ನೂ ಗುಡಿಸಿ ಡ್ರಮ್ಮಿಗೆ ಹಾಕಿದ್ದರು. ಒಂದು ಹೊತ್ತು ತಡೆಯಲಿಲ್ಲ. ಆ ಹಲ್ಲುಸೆಟ್ಟನ್ನು ನೋಡುತ್ತ ನಾನು ನಿಜಕ್ಕೂ ಆ ಕಡೆ ಹೋಗಿ ವಾಂತಿ ಮಾಡಿದೆ.

"ನಾನು ಹೇಳ್ಲಿಲ್ವಾ?" ಎಂದು ಶೆಡ್ಡಿನ ಹೆಂಗಸು ನೀರಿನ ಬಾಟಲಿ ಚಾಚಿದಳು.

*

ಬಾಯಿ ತೊಳೆದುಕೊಂಡು, ಪಟ್ಟಿಗಳನ್ನು ಬೇರೆ ಬೇರೆ ಕವರಿಗೆ ಹಾಕಿಕೊಂಡು ಹೊರಟೆ. ಆಟೋದಲ್ಲಿ ಕೂತು ಎಣಿಕೆ ಹಾಕಿದೆ. ಆಯಾ ಶುಕ್ರವಾರದಿಂದ ಕಂಬಿಯ ಹಿಂದಿದ್ದಾಳೆ. ಶನಿವಾರದಿಂದ ಮಂಗಳವಾರದವರೆಗೆ ಮಾತ್ರೆ ಕಿತ್ತವಳು ಅವಳಲ್ಲ. ಇದೊಂದು ಸಾಕು ಅವಳನ್ನು ಬಿಡಿಸಲು.

ಸುತ್ತಿದ ಕಾಗದ, ಬಟ್ಟೆಗಳು ಮಾತ್ರ ನನ್ನ ತಲೆ ತಿನ್ನುತ್ತಿದ್ದವು. ಬೇಕರಿ, ಹೊಲಿಗೆ, ಕನ್ನಡಕ. ಮೂರೂ ಮನೆಯ ಗುರುತು. ಒಬ್ಬರು ಯಾರೋ ತಮ್ಮ ಪಾಪವನ್ನು ಮೂರು ಮುಖಕ್ಕೂ ಬಳಿಯಲು ಹೊರಟಿದ್ದಾರೆ ಎಂದುಕೊಂಡೆ. ಆ ಮನೆಯಲ್ಲಿ ಈಗ ಇರುವವರೇ ಮೂವರು. ದೊಡ್ಡವನ ಹೆಂಡತಿ ಸಾವಿನ ಮನೆಯ ರಗಳೆ ಬೇಡವೆಂದು ತವರಿಗೆ ಹೋಗಿದ್ದಳು, ಮಗಳ ಗಂಡನಿಗೆ ಹಡಗಿನ ಕೆಲಸ, ಚಿಕ್ಕವನಿಗೆ ಮದುವೆಯಿಲ್ಲ. ಮೂವರಲ್ಲಿ ಒಬ್ಬರು. ಇನ್ನೊಂದು ಪ್ರಶ್ನೆ ಅದಕ್ಕಿಂತ ಕೆಟ್ಟದ್ದು. ಮುದುಕಿ ಸತ್ತ ಮೇಲೆ ಈ ಮಾತ್ರೆಗಳು ಯಾರ ಹೊಟ್ಟೆಗೆ ಹೋಗುತ್ತಿವೆ?

ನಡುಮನೆಯ ಬಾಗಿಲು ತೆರೆದೇ ಇತ್ತು. ಮೂವರೂ ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಸುತ್ತ ನಿಂತು ಜಗಳವಾಡುತ್ತಿದ್ದರು. ನಾನು ಬಂದದ್ದಕ್ಕೆ ಯಾರ ದನಿಯೂ ತಗ್ಗಲಿಲ್ಲ.

"ಸಾವು ಬರೆಸೋಕೆ ಹೋದ್ರೆ ಯಾವ ಮನೆ ನಂಬರು ಅಂತ ಕೇಳ್ತಾರೆ. ಏನು ಹೇಳ್ಲಿ ನಾನು?" ಎಂದು ದೊಡ್ಡವನು ಮೇಜು ಗುದ್ದಿದ. ತೋಳಿನ ಕೂದಲಿಗೆ ಇನ್ನೂ ಮೈದಾಹಿಟ್ಟು ಅಂಟಿತ್ತು.

"ನನ್ನ ನಂಬರು ಕೊಡ್ಬೇಡ ಅಣ್ಣ," ಎಂದಳು ತಂಗಿ. ಕುತ್ತಿಗೆಗೆ ಅಳತೆ ಟೇಪು ನೇತುಹಾಕಿಕೊಂಡಿದ್ದಳು. "ತಿಂಡಿ ತಿನ್ನಿಸಿ, ಮುಖ ಒರೆಸಿ ಕಳಿಸಿದೀನಿ. ಕುರ್ಚಿ ನನ್ನ ಹೊಸಿಲು ದಾಟ್ತು. ಅಲ್ಲಿಗೆ ನನ್ನ ವಾರ ಮುಗೀತು."

"ನನ್ನ ಹೊಸಿಲು ತುಳೀಲೇ ಇಲ್ವಲ್ಲಕ್ಕ," ಎಂದು ಚಿಕ್ಕವನು ಗೊಣಗಿದ. "ಮೆಟ್ಟಿಲ ಮೇಲೇ ಹೋದ್ಲು."

"ಹಾಗಾದ್ರೆ ಮೆಟ್ಟಿಲು ಗುಡಿಸೋ ಪಾಳಿ ಈ ವಾರ ಯಾರದ್ದೋ ಅವ್ರ ಹೆಸರಿಗೇ ಬರೆಸ್ತೀನಿ!" ಎಂದು ದೊಡ್ಡವನು ಗದರಿದ.

ಹೇಸಿಗೆ. ಇದಕ್ಕೆ ನನ್ನಲ್ಲಿ ಬೇರೆ ಮಾತಿಲ್ಲ. ಹೆತ್ತ ತಾಯಿ ಎರಡು ಮನೆಯ ನಡುವಿನ ಮೆಟ್ಟಿಲಲ್ಲಿ, ಕುರ್ಚಿಗೆ ಕಟ್ಟಿಸಿಕೊಂಡು, ಹಸಿದ ಹೊಟ್ಟೆಯಲ್ಲಿ ಪ್ರಾಣ ಬಿಟ್ಟಳು. ಮಕ್ಕಳಿಗೆ ಉಳಿದ ಪ್ರಶ್ನೆ ಒಂದೇ, ಸಾವು ಯಾರ ವಾರದ ಲೆಕ್ಕಕ್ಕೆ? ಮೂವರನ್ನೂ ಸಾಲಾಗಿ ನಿಲ್ಲಿಸಿ ಕಪಾಳಕ್ಕೆ ಬಾರಿಸಬೇಕೆಂದು ಕೈ ತುರಿಸಿತು.

ಬಾರಿಸುವ ಬದಲು ಕವರುಗಳನ್ನು ಮೇಜಿನ ಮೇಲೆ ಸುರಿದೆ.

"ನಂದಲ್ಲ," ಎಂದ ದೊಡ್ಡವನು.

"ನನ್ನದೂ ಅಲ್ಲ," ಎಂದಳು ಮಗಳು.

ನಾನಿನ್ನೂ ಏನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕಂಡಿದ್ದೇನೆ. ಇಲ್ಲಿ ಕಳ್ಳ ಅನ್ನುವ ಮೊದಲೇ ಎರಡು ಹೆಗಲು ಒರೆಸಿಕೊಂಡಾಗಿತ್ತು. ಚಿಕ್ಕವನು ಮಾತ್ರ ಪಟ್ಟಿಗಳನ್ನು ನೋಡುತ್ತ ನಿಂತ.

"ಈ ತೋಳು ಯಾರ ಅಂಗಿದು?" ಎಂದು ಭಾನುವಾರದ ಪುರವಣಿಯನ್ನು ಮಗಳ ಮುಂದೆ ಹಿಡಿದೆ.

ಅವಳು ಕಣ್ಣು ಮಿಟುಕಿಸಲಿಲ್ಲ. "ನಾನೇ ಕತ್ತರಿಸಿದ್ದು. ಬೇಡದ ಕಾಗದ ದಿನಾ ಡ್ರಮ್ಮಿಗೇ ಹೋಗುತ್ತೆ ಮೇಡಂ. ಯಾರು ಬೇಕಾದ್ರೂ ಎತ್ಕೊಂಡು ಏನು ಬೇಕಾದ್ರೂ ಸುತ್ತಬಹುದು."

"ನನ್ನ ಜಿಡ್ಡು ಕಾಗದ ಮೂರೂ ಮನೇಲಿ ಬಿದ್ದಿರುತ್ತೆ," ಎಂದ ದೊಡ್ಡವನು, ತಂಗಿಯ ಮಾತನ್ನೇ ಹಿಡಿದುಕೊಂಡು. "ಮಿಕ್ಕಿದ ಕೇಕು ಕೊಟ್ಟಿರ್ತೀನಲ್ಲ. ಯಾಕೆ, ಕೊಡಬಾರದಿತ್ತಾ?"

ಉತ್ತರ ಸರಿಯಾಗಿತ್ತು. ತುಸು ಹೆಚ್ಚೇ ಸರಿಯಾಗಿತ್ತು.

"ಒಂದು ಮಾತು ಕೇಳಿ," ಎಂದೆ. "ನಿಮ್ಮಮ್ಮ ಹೋಗಿದ್ದು ಗುರುವಾರ. ಆಯಾ ಒಳಗೆ ಹೋಗಿದ್ದು ಶುಕ್ರವಾರ. ಈ ಪಟ್ಟಿಗಳು ಖಾಲಿ ಆಗಿದ್ದು ಆಮೇಲೆ. ಶನಿವಾರ, ಭಾನುವಾರ, ಸೋಮವಾರ, ನಿನ್ನೆ. ಕಿತ್ತ ಮಾತ್ರೆ ಎಲ್ಲಿಗೋ ಹೋಗಿರಬೇಕಲ್ಲ? ಈ ಮನೇಲಿ ಈಗ ಉಣ್ಣೋರು ನೀವು ಮೂವರೇ. ಬಾಯಿ ತೆಗೀರಿ."

"ಏನಂದ್ರಿ?"

"ಬಾಯಿ ತೆಗೀರಿ ಅಂದೆ. ಮೂವರೂ."

ಚೀಲದಿಂದ ಟಾರ್ಚು ತೆಗೆದೆ. ಮೂವರಲ್ಲಿ ಒಬ್ಬರು ಇನ್ನೊಬ್ಬರಿಗೆ ವಿಷ ಹಾಕುತ್ತಿದ್ದರೆ, ತಿಂದವರ ಬಾಯಿ ಸುಳ್ಳು ಹೇಳುವುದಿಲ್ಲ. ದೊಡ್ಡವನದು ಹೊಗೆಸೊಪ್ಪಿನ ಗವಿ, ಒಸಡಿನ ತುಂಬ ಕಪ್ಪು, ನಾಲಗೆಯ ಮೇಲೆ ಹಳದಿ ಪದರ. ಉಸಿರು ಬಿಟ್ಟಾಗ ನನಗೆ ಕಸದ ಶೆಡ್ಡೇ ವಾಸಿ ಅನ್ನಿಸಿತು. ಹುಣ್ಣು ಮಾತ್ರ ಒಂದೂ ಇಲ್ಲ. ಮಗಳ ಬಾಯಿ ಚೊಕ್ಕಟ, ಪಿನ್ನು ಕಚ್ಚಿ ಕಚ್ಚಿ ಮುಂದಿನ ಹಲ್ಲಿನ ಅಂಚು ಸವೆದಿತ್ತು, ಅಷ್ಟೇ. ಚಿಕ್ಕವನು ಕಣ್ಣು ಮುಚ್ಚಿಕೊಂಡು ಬಾಯಿ ತೆರೆದ. ಅಲ್ಲೂ ಏನಿಲ್ಲ.

ಮೂವರ ಬಾಯಿಯೂ ಗಟ್ಟಿಮುಟ್ಟು. ನನ್ನ ಲೆಕ್ಕ ತಲೆಕೆಳಗಾಯಿತು.

"ಸಮಾಧಾನ ಆಯ್ತಾ?" ಎಂದ ದೊಡ್ಡವನು, ತುಟಿ ಒರೆಸಿಕೊಳ್ಳುತ್ತ. "ಇಷ್ಟು ದಿನ ಅಮ್ಮನ್ನ ನೋಡ್ಕೊಂಡಿದ್ದಕ್ಕೆ ಇದೊಂದು ಬಾಕಿ ಇತ್ತು. ಹೇಳ್ತಾರಲ್ಲ, ದಿನಾ ಸಾಯೋರಿಗೆ ಅಳೋರ್ಯಾರು ಅಂತ. ಒಂದು ವಾರ ಅಲ್ಲ, ಒಂದು ತಿಂಗಳು ಅಲ್ಲ ಮೇಡಂ. ಹೊರೋರಿಗೇ ಗೊತ್ತು ಭಾರ. ಎರಡು ವಾರ ಉಸಿರಾಡಿದೆ ಅನ್ನೋಷ್ಟರಲ್ಲಿ ಮತ್ತೆ ಆ ಕುರ್ಚಿ ನಮ್ಮ ಬಾಗಿಲಿಗೆ."

"ನಿಮ್ಮನ್ನ ಹೊತ್ತಾಗ ಅವ್ರು ಪಾಳಿ ಹಾಕಿದ್ರಾ?" ಎಂದೆ.

ಅವನ ಮುಖ ಕೆಂಪಾಯಿತು.

ನಾನು ಮಗಳ ಕಡೆ ತಿರುಗಿದೆ. "ಅವ್ರಿಗೆ ಬಾಯಿ ಹುಣ್ಣಾಗಿದ್ದು ನಿಮಗೆ ಯಾವಾಗ ಗೊತ್ತಾಯ್ತು?"

"ನನ್ನ ವಾರಕ್ಕೆ ಬರುವಾಗಲೇ ಇತ್ತು."

"ಅಂದ್ರೆ ಕೆಳಮನೇಲೇ ಶುರುವಾಗಿತ್ತು?"

"ಅಲ್ಲಿಗೆ ಹೋಗೋ ಮುಂಚೇನೇ ಇತ್ತು," ಎಂದ ದೊಡ್ಡವನು ತಟ್ಟನೆ. "ಮೇಲಿಂದ ಇಳಿಸುವಾಗಲೇ ತುಟಿ ಒಡೆದಿತ್ತು. ಕೇಳಿ ಇವನನ್ನ."

ಚಿಕ್ಕವನು ಕೇಳಿಸಿಕೊಳ್ಳದವನ ಹಾಗೆ ಕಿಟಕಿಯ ಕಡೆ ನೋಡಿದ.

"ಊಟ ಮಾಡ್ತಿದ್ರಾ?"

"ಏನು ಮಾಡ್ತಾಳೆ? ಗಂಜಿ ಇಟ್ರೆ ಎರಡು ಚಮಚ," ಎಂದಳು ಮಗಳು. "ಮಿಕ್ಕಿದ್ದು ಆಯಾಗೆ ಕೊಡ್ತಿದ್ವಿ."

"ಎಂಜಲು?"

"ಎಸೆಯೋಕಾಗುತ್ತಾ? ಅನ್ನ ದಂಡ ಮಾಡಬಾರದು. ಅವಳಿಗೆ ಅಂತ ಬೇರೆ ಬೇಯಿಸೋದು ಯಾರ ಪಾಳೀಲೂ ಇರಲಿಲ್ಲ."

ಇದನ್ನು ಹೇಳುವಾಗ ಅವಳ ದನಿಯಲ್ಲಿ ನಾಚಿಕೆಯಿರಲಿ, ಒಂದು ತಡವರಿಕೆಯೂ ಇರಲಿಲ್ಲ. ಹುಣ್ಣಿನ ಬಾಯಿಯಿಂದ ವಾಪಸು ಬಂದ ಗಂಜಿಯನ್ನು ಇನ್ನೊಂದು ಜೀವದ ಮುಂದೆ ಇಟ್ಟು, ಅನ್ನದ ಮರ್ಯಾದೆ ಕಾಪಾಡಿದ್ದರು.

ಆಗ ಫೋನು ಬಡಿದುಕೊಂಡಿತು. ಠಾಣೆಯ ಇನ್ಸ್‌ಪೆಕ್ಟರಮ್ಮ. ನನಗೂ ಅವಳಿಗೂ ಹಳೆಯ ಸಲಿಗೆ. ಮಾತು ಶುರುವಾಗುವುದೇ ಒಂದು ಕೊಂಕಿನಿಂದ. ಇವತ್ತು ಕೊಂಕು ಇರಲಿಲ್ಲ.

"ಪತ್ತೇದಾರಮ್ಮ, ನಿಮ್ಮ ಆಯಾಗೆ ಇವತ್ತು ಕೋರ್ಟಿಗೆ ಬರೋಕಾಗಲ್ಲ."

"ಯಾಕೆ?"

"ಗುಟುಕು ನೀರು ನುಂಗೋಕೂ ಒದ್ದಾಡ್ತಿದಾಳೆ. ಬಾಯಿ ಒಳಗೆಲ್ಲ ಚರ್ಮ ಸುಲಿದು ಹೋಗಿದೆ. ಉಗಿದ್ರೆ ರಕ್ತ. ನಾನು ಏನೇನೋ ನೋಡಿದೀನಿ, ಇದನ್ನ ನೋಡೋಕಾಗ್ಲಿಲ್ಲ. ಡಾಕ್ಟರಿಗೆ ಹೇಳಿ ಕಳಿಸಿದೀನಿ."

ಫೋನನ್ನು ಕಿವಿಗೆ ಒತ್ತಿಕೊಂಡೆ. "ಠಾಣೇಲಿ ಏನು ಊಟ ಕೊಡ್ತಿದೀರಿ?"

"ಠಾಣೆ ಊಟ ಎಲ್ಲಿ ತಿಂದ್ಲು? ಶನಿವಾರದಿಂದ ಆ ಮನೆಯಿಂದಾನೇ ಡಬ್ಬಿ ಬರ್ತಿದೆಯಲ್ಲ. ಕೊಂದವಳಿಗೂ ಊಟ ಕಳಿಸೋ ಜನ ಅಂತ ನಮ್ಮ ಹುಡುಗ್ರೆಲ್ಲ ಹೊಗಳಿದ್ದೇ ಹೊಗಳಿದ್ದು."

ಫೋನು ಹಿಡಿದುಕೊಂಡೇ ಮೂವರನ್ನೂ ನೋಡಿದೆ.

"ಲಾಕಪ್ಪಿಗೆ ಊಟ ಯಾರು ಕಳಿಸೋದು?"

ಮಗಳು ಟೇಪನ್ನು ಬೆರಳಿಗೆ ಸುತ್ತುತ್ತ, ಮಾಮೂಲಿ ದನಿಯಲ್ಲಿ ಹೇಳಿದಳು: "ದಿನಕ್ಕೊಬ್ಬರು. ಎಲ್ಲಾ ಒಬ್ಬರ ಮೇಲೇ ಯಾಕೆ ಬೀಳಬೇಕು?"

ಆ ಮಾತು ನನ್ನ ತಲೆಗೆ ಇಳಿಯಲು ಒಂದು ಗಳಿಗೆ ಹಿಡಿಯಿತು.

ಶನಿವಾರ ಬೇಕರಿ. ಭಾನುವಾರ ಹೊಲಿಗೆ. ಸೋಮವಾರ ಕನ್ನಡಕ. ಮಂಗಳವಾರ ಮತ್ತೆ ಬೇಕರಿ. ಒಂದು ಕೈ ಮೂರು ಮುಖಕ್ಕೆ ಮಸಿ ಬಳಿಯುತ್ತಿದೆ ಎಂದು ನಾನು ಬೆಳಿಗ್ಗೆಯಿಂದ ಹುಡುಕುತ್ತಿದ್ದೆ. ಅಂಥ ಒಂದು ಕೈ ಇರಲೇ ಇಲ್ಲ.

ಮೇಲ್ಮನೆಯಿಂದ ಇಳಿಯುವಾಗ ತುಟಿ ಒಡೆದಿತ್ತು. ಕೆಳಮನೆಯಲ್ಲಿ ಹುಣ್ಣು ಹಬ್ಬಿತು. ನಡುಮನೆಯಲ್ಲಿ ಎರಡು ಚಮಚಕ್ಕೆ ಬಂತು. ನಡುವೆ ಒಂದು ವಾರ ನಿಲ್ಲಿಸಿದ್ದರೂ ಮುದುಕಿ ಉಳಿಯುತ್ತಿದ್ದಳು ಎಂದಿದ್ದರು ವೈದ್ಯರು. ಯಾರೂ ನಿಲ್ಲಿಸಲಿಲ್ಲ. ಮೆಟ್ಟಿಲು ಗುಡಿಸುವ ಹಾಗೆ, ಟ್ಯಾಂಕು ತೊಳೆಯುವ ಹಾಗೆ, ಇದನ್ನೂ ಹಂಚಿಕೊಂಡಿದ್ದರು. ಈಗ, ಮಾತ್ರೆ ಕೊಡುತ್ತಿದ್ದವರು ಮಕ್ಕಳೇ ಎಂದು ಕೋರ್ಟಿನಲ್ಲಿ ಹೇಳಬಲ್ಲ ಒಂದೇ ಒಂದು ಬಾಯಿಯನ್ನೂ ದಿನಕ್ಕೊಬ್ಬರಂತೆ ಸುಡುತ್ತಿದ್ದರು.

ಅಸಹ್ಯ ಎಂದರೆ ಏನು ಎಂದು ಆವತ್ತಿನವರೆಗೆ ನನಗೆ ಗೊತ್ತಿತ್ತು ಅಂದುಕೊಂಡಿದ್ದೆ. ಕೊಲೆಯನ್ನು ಕಂಡಿದ್ದೇನೆ, ಸಿಟ್ಟಿಗೆ, ಆಸೆಗೆ, ಹೆದರಿಕೆಗೆ ಕೊಂದವರ ಜೊತೆ ಕೂತು ಟೀ ಕುಡಿದಿದ್ದೇನೆ. ಮನೆಗೆಲಸದ ಹಾಗೆ ಕೊಲೆಯನ್ನು ಸರದಿಗೆ ಹಾಕಿಕೊಂಡವರ ಉಸಿರಿರುವ ಕೋಣೆಯಲ್ಲಿ ನಿಲ್ಲುವುದೇ ಮೈಗೆ ಹೊಲಸು ಮೆತ್ತಿದ ಹಾಗಾಯಿತು.

"ಇನ್ಸ್‌ಪೆಕ್ಟರಮ್ಮ," ಎಂದು ಕೂಗಿದೆ, "ಇವತ್ತಿನ ಡಬ್ಬಿ ಬಂತಾ?"

"ಬಂದು ಅರ್ಧ ಗಂಟೆ ಆಯ್ತು. ಗಂಜಿ ಇದೆ, ಮೆತ್ತಗಿದೆ, ನುಂಗೋಕೆ ಸುಲಭ ಅಂತ ನಮ್ಮ ಹುಡುಗಿ ಒಬ್ಬಳು ಕೂತು ತಿನ್ನಿಸ್ತಾ..."

"ಕಿತ್ಕೊಳ್ಳಿ! ಒಂದು ಚಮಚಾನೂ..."

ಫೋನು ನನ್ನ ಕೈಯಲ್ಲಿರಲಿಲ್ಲ. ಮಗಳು ಎಷ್ಟು ಹೊತ್ತಿಗೆ ಮೇಜು ಸುತ್ತಿ ಬಂದಳೋ ಗೊತ್ತಾಗಲಿಲ್ಲ. ಬಟ್ಟೆಗೆ ಅಂಟಿದ ದಾರ ತೆಗೆದಷ್ಟು ಸಲೀಸಾಗಿ ಅದನ್ನು ನನ್ನ ಬೆರಳುಗಳಿಂದ ತೆಗೆದುಕೊಂಡು, ಆರಿಸಿ, ತನ್ನ ಅಂಗಿಯ ಜೇಬಿಗೆ ಹಾಕಿಕೊಂಡಳು. ನನ್ನ ಕೂಗು ಆ ಕಡೆ ತಲುಪಿತೋ ಇಲ್ಲವೋ ದೇವರೇ ಬಲ್ಲ.

"ನಾನು ಹಾಕಿಲ್ಲ ಮೇಡಂ."

ಚಿಕ್ಕವನು. ಕಿಟಕಿಗೆ ಬೆನ್ನು ಕೊಟ್ಟು, ನೆಲಕ್ಕೆ ಕುಸಿದು ಕೂತಿದ್ದ. ಕಣ್ಣೀರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು.

"ನನ್ನ ಸರದೀಲಿ ನಾನು ಹಾಕಿಲ್ಲ. ಆಯಾಗೆ ಹಾಕಿಲ್ಲ. ಸೋಮವಾರ ಮಾತ್ರೆ ಕಿತ್ತು ಸಿಂಕಿಗೆ ಚೆಲ್ಲಿದೆ. ಖಾಲಿ ಪಟ್ಟಿ ತೋರಿಸ್ಬೇಕಿತ್ತು ಇವ್ರಿಗೆ, ಅದಕ್ಕೇ..."

"ಮುಚ್ಚೋ ಬಾಯಿ," ಎಂದ ದೊಡ್ಡವನು.

"ಡಬ್ಬಿ ಒಯ್ದು ಕೊಡೋದು ಮಾತ್ರ ನಾನೇ. ಇವ್ರ ದಿನಗಳಲ್ಲೂ ನಾನೇ ಒಯ್ದೆ. ಬೇಡ ಅನ್ನೋಕಾಗ್ಲಿಲ್ಲ. ನೀವು ಬೇಗ ಬಿಡಿಸ್ತೀರ ಅಂದ್ಕೊಂಡೆ. ಬಿಡಿಸಿದ್ರೆ ಈ ಪಾಳಿ ನಿಲ್ಲುತ್ತೆ ಅಂದ್ಕೊಂಡೆ."

"ಅಮ್ಮನಿಗೆ?" ಎಂದೆ. "ಅಮ್ಮನ ವಾರಗಳಲ್ಲಿ? ಆವಾಗಲೂ ಸಿಂಕಿಗೇ ಚೆಲ್ಲಿದ್ಯಾ?"

ಅವನು ಎರಡು ಮೊಣಕಾಲುಗಳ ನಡುವೆ ಮುಖ ಹುದುಗಿಸಿದ. ಅವನ ಮೇಲೆ ಇದ್ದ ಒಂದಿಷ್ಟು ಕರುಣೆಯೂ ಅಲ್ಲಿಗೆ ಸತ್ತಿತು. ಹೇಡಿಯ ಕಣ್ಣೀರಿಗಿಂತ ಹೊಲಸು ನೀರು ಲೋಕದಲ್ಲಿ ಇನ್ನೊಂದಿಲ್ಲ.

ನಾನು ಬಾಗಿಲ ಕಡೆ ಹೆಜ್ಜೆ ಹಾಕಿದೆ. ದೊಡ್ಡವನು ನನಗಿಂತ ಮೊದಲೇ ಅಲ್ಲಿದ್ದ. ಹಿಟ್ಟು ಮೆತ್ತಿದ ಅಗಲ ತೋಳು ಚಾಚಿ ಚಿಲಕ ಹಾಕಿದ. ಆಮೇಲೆ ತಂಗಿಯ ಮುಖ ನೋಡಿದ, ತಂಗಿ ಅಣ್ಣನ ಮುಖ ನೋಡಿದಳು. ಸ್ವಲ್ಪ ಹೊತ್ತಿನ ಮುಂಚೆ ಸಾವಿನ ಮನೆ ನಂಬರಿಗೆ ಕಚ್ಚಾಡಿದವರಿಗೆ ಈಗ ಒಂದು ಮಾತೂ ಬೇಕಾಗಲಿಲ್ಲ.

"ದಾರಿ ಬಿಡಿ," ಎಂದೆ. "ಠಾಣೇಲಿ ಒಂದು ಜೀವ ಹೋಗ್ತಿದೆ. ನಾನು ಇಲ್ಲಿರೋದು ಇನ್ಸ್‌ಪೆಕ್ಟರಮ್ಮನಿಗೆ ಗೊತ್ತು."

"ಗೊತ್ತಿರ್ಲಿ," ಎಂದ ಅವನು. "ಅವ್ರು ಬರೋಕೆ ಹೊತ್ತು ಹಿಡಿಯುತ್ತೆ."

ಮಗಳು ಒಳಗೆ ಹೋಗಿದ್ದಳು. ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳ ತೆಗೆದ ಸದ್ದು, ಸೌಟು ತಳಕ್ಕೆ ತಾಗಿದ ಸದ್ದು. ವಾಪಸು ಬಂದು ಕತ್ತರಿಯನ್ನೂ ಸೀಮೆಸುಣ್ಣವನ್ನೂ ಪಕ್ಕಕ್ಕೆ ಸರಿಸಿ, ಒರೆಸಿ, ಮೇಜಿನ ಮೇಲೆ ಒಂದೇ ಒಂದು ತಟ್ಟೆ ಇಟ್ಟಳು. ಗಂಜಿ ಬಿಸಿಯಿತ್ತು, ಹಬೆಯಾಡುತ್ತಿತ್ತು. ಪಕ್ಕದಲ್ಲಿ ಒಂದು ಚಮಚ.

ನಂತರ ನನಗಾಗಿ ಕುರ್ಚಿ ಎಳೆದಳು.

"ಕೂತ್ಕೊಳ್ಳಿ ಮೇಡಂ," ಎಂದಳು. "ಇವತ್ತು ನನ್ನ ಸರದಿ."